ಅಂತರಜಾಲ ಮತ್ತು ಕನ್ನಡ ಸಂಶೋಧನೆಯ ಪ್ರಕಟಣೆ: ‘ಶೋಧಗಂಗಾ’ವನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

ಕನ್ನಡ ಸಂಶೋಧನೆಯ ಸಂದರ್ಭದಲ್ಲಿ ‘ಪ್ರಕಟಣೆ’ ಎಂಬ ಮಾತಿನ ಅರ್ಥವನ್ನು ಮತ್ತೊಮ್ಮೆ ಪರಿಶೀಲಿಸಬೇಕಾದ ಕಾಲ ಬಂದಿದೆ. ಮುದ್ರಣದ ಕಾಲದಲ್ಲಿ ಈ ಮಾತಿನ ಬಗ್ಗೆ ಗೊಂದಲವಿರಲಿಲ್ಲ. ಅಚ್ಚಾದ ಲೇಖನಕ್ಕೆ ಸ್ಥಿರವಾದ ಒಂದು ಪಾಠವಿರುತ್ತಿತ್ತು. ಸಂಪುಟ, ಸಂಚಿಕೆ, ಪುಟ ಎಂಬ ವಿಳಾಸವಿರುತ್ತಿತ್ತು. ಆ ವಿಳಾಸವನ್ನು ಹಿಡಿದು ಹೊರಟವರಿಗೆ ಮೈಸೂರಿನಲ್ಲೋ ಧಾರವಾಡದಲ್ಲೋ ಒಂದು ಗ್ರಂಥಾಲಯದಲ್ಲಿ ಅದು ಕೈಗೆ ಸಿಕ್ಕುತ್ತಿತ್ತು. ಪಾಠ, ವಿಳಾಸ, ದೊರೆಯುವಿಕೆ ಈ ಮೂರೂ ಒಂದೇ ವಸ್ತುವಿನಲ್ಲಿ ಕೂಡಿದ್ದುವು. ಅಂತರಜಾಲವು ಇವನ್ನು ಬೇರೆ ಬೇರೆ ಮಾಡಿದೆ. ಇಂದು ಒಂದು ಬರಹ ಜಗತ್ತಿಗೆಲ್ಲ ಉಚಿತವಾಗಿ ತೆರೆದಿದ್ದರೂ ಅದನ್ನು ಹುಡುಕುವವರ ಕಣ್ಣಿಗೆ ಬೀಳದೆ ಉಳಿಯಬಹುದು. ತೆರೆದಿರುವುದು ಬೇರೆ, ದೊರೆಯುವುದು ಬೇರೆ. ಜಗತ್ತಿನ ವಿದ್ವತ್ ವಲಯ ಕಳೆದ ಮೂರು ದಶಕಗಳಲ್ಲಿ ಚರ್ಚಿಸಿರುವುದು ಬಹುಮಟ್ಟಿಗೆ ಮೊದಲನೆಯದನ್ನು. ಕನ್ನಡಕ್ಕೆ ಒದಗಿರುವ ತೊಡಕು ಎರಡನೆಯದು. ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಕೇಳಿಸದೆ ಹೋಗಿದೆ ಎಂಬುದೇ ಪ್ರಸ್ತುತ ಲೇಖನದ ವಾದ.

ಈ ವ್ಯತ್ಯಾಸ ಹೊರನಾಡಿನ ಸಂಶೋಧಕರಿಗೆ ಹೆಚ್ಚು ತಟ್ಟುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕುಳಿತು ಕನ್ನಡದ ಮೇಲೆ ಕೆಲಸಮಾಡುವವರಿಗೆ ಆಕರಗಳ ದೂರವೇ ಮೊದಲಿನಿಂದಲೂ ದೊಡ್ಡ ಅಡ್ಡಿ. ಅಂತರಜಾಲ ಬಂದ ಮೇಲೆ ಭಾಷಾವಿಜ್ಞಾನದ ಅಥವಾ ಇತಿಹಾಸದ ಇಂಗ್ಲಿಷ್ ಲೇಖನವೊಂದು ಅರೆಗಳಿಗೆಯಲ್ಲಿ ಮೇಜಿನ ಮೇಲೆ ಬರುತ್ತದೆ. ಅದೇ ಮೇಜಿನ ಮೇಲೆ, ಹತ್ತು ವರ್ಷಗಳ ಹಿಂದೆ ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ತಮ್ಮದೇ ವಿಷಯವನ್ನು ಕುರಿತು ಸಿದ್ಧವಾದ ಮಹಾಪ್ರಬಂಧವೊಂದು ಇದೆಯೇ ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಪ್ರಾಧ್ಯಾಪಕರೊಬ್ಬರಿಗೆ ದೂರವಾಣಿ ಮಾಡಬೇಕಾಗುತ್ತದೆ. ದೂರ ಅಳಿದಿರುವುದು ಒಂದು ಭಾಷೆಗೆ ಮಾತ್ರ.

1

ಜಗತ್ತಿನ ಚರ್ಚೆಯ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬಹುದು. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಆರಂಭಿಸಿದ ಮೇಲೆ ಮೂರು ಶತಮಾನಗಳಿಗೂ ಮೀರಿ ವಿದ್ವತ್ಪತ್ರಿಕೆಯ ಚೌಕಟ್ಟು ಹೆಚ್ಚು ಬದಲಾಗಲಿಲ್ಲ. 1991ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಅವರು ಇನ್ನೂ ಅಚ್ಚಾಗದ ಪ್ರಬಂಧಗಳನ್ನು ಗಣಕಜಾಲದ ಮೂಲಕ ಹಂಚುವ ಏರ್ಪಾಟೊಂದನ್ನು ಮಾಡಿದರು. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದು ನೆಲೆಸಿದ ಈ ಏರ್ಪಾಟಿನಿಂದಾಗಿ ಭೌತವಿಜ್ಞಾನ, ಗಣಿತಗಳಲ್ಲಿ ಪತ್ರಿಕೆಯು ಸುದ್ದಿ ತಿಳಿಸುವ ಸಾಧನವಾಗಿ ಉಳಿಯದೆ, ಮುದ್ರೆಯೊತ್ತುವ ಸಂಸ್ಥೆ ಮಾತ್ರವಾಯಿತು. ಲೇಖಕರಿಗೆ ಸಂಭಾವನೆಯಿಲ್ಲ, ಪರಿಶೀಲಕರಿಗೆ ಸಂಭಾವನೆಯಿಲ್ಲ. ಆದರೂ ಅತಿ ದೊಡ್ಡ ವಿದ್ವತ್ ಪ್ರಕಾಶನ ಸಂಸ್ಥೆಗಳ ಲಾಭದ ಪ್ರಮಾಣ ಶೇಕಡ 30ನ್ನೂ ಮೀರುತ್ತದೆ. ಈ ವೈಪರೀತ್ಯವೇ 2002ರ ಬುಡಾಪೆಸ್ಟ್ ಘೋಷಣೆಗೂ, ಮುಕ್ತ ಪ್ರಕಟಣೆಯ ಚಳವಳಿಗೂ, ಅದರ ದುರಂತಗಳಿಗೂ ಕಾರಣ. ‘ಜೆಸ್ಟೋರ್’ ಸಂಗ್ರಹದಿಂದ ಲಕ್ಷಗಟ್ಟಲೆ ಲೇಖನಗಳನ್ನು ಇಳಿಸಿಕೊಂಡ ಆರೋಪವನ್ನು ಎದುರಿಸುತ್ತಿದ್ದ ತರುಣ ಆರನ್ ಸ್ವಾರ್ಟ್ಜ್ 2013ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡದ್ದು ಈ ಇತಿಹಾಸದ ಮರೆಯಲಾಗದ ಪುಟ.

ನಮ್ಮ ದೇಶದ ನ್ಯಾಯಾಲಯಗಳೂ ಈ ವ್ಯಾಜ್ಯವನ್ನು ಕಂಡಿವೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಸಣ್ಣ ನೆರಳಚ್ಚು ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ಹೂಡಿದ ದಾವೆಯನ್ನು ದೆಹಲಿ ಉಚ್ಚ ನ್ಯಾಯಾಲಯವು 2016ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಆದರೆ ‘ಸೈ-ಹಬ್’ ಎಂಬ ಅನಧಿಕೃತ ಸಂಗ್ರಹದ ವಿರುದ್ಧ 2020ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯದಲ್ಲಿ ದಾಖಲಾದ ಮೊಕದ್ದಮೆ 2025ರಲ್ಲಿ ಅದನ್ನು ದೇಶದೊಳಗೆ ತಡೆಹಿಡಿಯುವ ಆದೇಶದವರೆಗೆ ಬಂದಿತು. ಈ ನಡುವೆ ಕೇಂದ್ರ ಸರಕಾರವು ‘ಒಂದು ದೇಶ, ಒಂದು ಚಂದಾ’ ಎಂಬ ಯೋಜನೆಗೆ 2024ರ ನವೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶನ ಸಂಸ್ಥೆಗಳು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳು: ಇದು ಅದರ ವಿಸ್ತಾರ. ಹಳ್ಳಿಗಾಡಿನ ಸರಕಾರಿ ಕಾಲೇಜಿನ ವಿಜ್ಞಾನದ ಅಧ್ಯಾಪಕರಿಗೆ ಇದು ನಿಜವಾದ ಉಪಕಾರವೇ. ಅದನ್ನು ಹಗುರವಾಗಿ ಕಾಣುವ ಉದ್ದೇಶ ಇಲ್ಲಿಲ್ಲ. ಆದರೆ ಅದು ಹೊರಗಿನ ಜ್ಞಾನವನ್ನು ಒಳಗೆ ತರುವ ಕಾಲುವೆ. ನಮ್ಮ ಭಾಷೆಗಳಲ್ಲಿ ಹುಟ್ಟಿದ ಜ್ಞಾನ ಹೊರಗೆ ಹರಿಯುವ ದಾರಿಯನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ.

ಈ ಚರ್ಚೆಗಳ ಪೈಕಿ ನಮಗೆ ಹೆಚ್ಚು ಪ್ರಸ್ತುತವಾದುದು, ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಪ್ರಯತ್ನ. 2019ರಲ್ಲಿ ಕಾರ್ಲ್ ಮಲಮೂಡ್ ಅವರು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸುಮಾರು 7 ಕೋಟಿ 30 ಲಕ್ಷ ವಿದ್ವತ್ ಲೇಖನಗಳ ಭಂಡಾರವೊಂದನ್ನು ಕಟ್ಟಲು ತೊಡಗಿದರು. ಅದರ ವಿಶೇಷವೆಂದರೆ, ಆ ಲೇಖನಗಳನ್ನು ಯಾರೂ ಓದುವಂತಿರಲಿಲ್ಲ. ಓದುವುದು ಗಣಕ, ಸಂಶೋಧಕನಿಗೆ ದೊರೆಯುವುದು ಗಣಕವು ಹೆಕ್ಕಿಕೊಟ್ಟ ಫಲಿತಾಂಶ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ ತಪ್ಪೇ ಎಂಬ ಪ್ರಶ್ನೆ ಹಾಗಿರಲಿ. ವಿದ್ವತ್ ಬರಹದ ಮೊದಲ ಓದುಗ ಇನ್ನು ಮುಂದೆ ಮನುಷ್ಯನಲ್ಲ ಎಂಬ ಸಂಗತಿಯನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸಿತು. ಹುಡುಕುವ, ಆಯುವ, ಮುಂದಿಡುವ ಕೆಲಸವನ್ನು ಯಂತ್ರ ಮಾಡುತ್ತದೆ. ಯಂತ್ರ ಓದಲಾರದ್ದು ಮನುಷ್ಯನ ವರೆಗೆ ಬರುವುದೇ ಇಲ್ಲ. ಕನ್ನಡದ ಪ್ರಶ್ನೆ ಪ್ರಾರಂಭವಾಗುವುದು ಇಲ್ಲಿಂದ.

2

ಕನ್ನಡದ ವಿದ್ವತ್ ಬರಹಕ್ಕೆ ದುಬಾರಿ ಚಂದಾದ ಬಾಗಿಲು ಎಂದೂ ಅಡ್ಡ ನಿಂತಿರಲಿಲ್ಲ. 1916ರಲ್ಲಿ ಆರಂಭವಾದ ಸಾಹಿತ್ಯ ಪರಿಷತ್ಪತ್ರಿಕೆ, 1919ರ ‘ಪ್ರಬುದ್ಧ ಕರ್ನಾಟಕ’, ಅನಂತರ ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’, ಧಾರವಾಡದ ‘ಕರ್ನಾಟಕ ಭಾರತಿ’ ಇವು ಯಾವುವೂ ಲಾಭಕ್ಕಾಗಿ ನಡೆದವಲ್ಲ. ಅವುಗಳ ಚಂದಾ ಕೊಡಲಾಗದೆ ಯಾರೂ ಸಂಶೋಧನೆಯನ್ನು ಕೈಬಿಟ್ಟಿಲ್ಲ. ನಮ್ಮ ಕಷ್ಟ ಚದುರುವಿಕೆಯದು. ಕನ್ನಡ ಸಂಶೋಧನೆಯ ಅತ್ಯುತ್ತಮ ಬರಹಗಳಲ್ಲಿ ಎಷ್ಟೋ ಪತ್ರಿಕೆಗಳಲ್ಲೂ ಇಲ್ಲ, ಅಭಿನಂದನ ಗ್ರಂಥಗಳಲ್ಲಿವೆ. 1941ರಲ್ಲಿ ಬಿ.ಎಂ.ಶ್ರೀ. ಅವರಿಗೆ ಅರ್ಪಿತವಾದ ‘ಸಂಭಾವನೆ’, 1967ರಲ್ಲಿ ಡಿ.ಎಲ್. ನರಸಿಂಹಾಚಾರ್ಯರಿಗೆ ಅರ್ಪಿತವಾದ ‘ಉಪಾಯನ’ ಮುಂತಾದ ಸಂಪುಟಗಳಿಂದ ಮೊದಲುಗೊಂಡು ಜಿಲ್ಲಾ ಕೇಂದ್ರಗಳ ಸ್ಮರಣಸಂಚಿಕೆಗಳ ವರೆಗೆ, ಒಂದು ಶಾಸನದ ಪಾಠಶುದ್ಧಿಯೋ ಒಂದು ಶಬ್ದದ ನಿಷ್ಪತ್ತಿಯೋ ಎಲ್ಲಿ ಅಡಗಿ ಕುಳಿತಿದೆ ಎಂಬುದು ಆಯಾ ಕ್ಷೇತ್ರದ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನ ಲೇಖನಗಳನ್ನು ‘ಮಾರ್ಗ’ ಸಂಪುಟಗಳಲ್ಲಿ ಒಟ್ಟುಗೂಡಿಸದೆ ಹೋಗಿದ್ದರೆ ಅವುಗಳಲ್ಲಿ ಎಷ್ಟು ಇಂದು ನಮ್ಮ ಕೈಗೆ ಬರುತ್ತಿದ್ದುವು ಎಂದು ಯೋಚಿಸಿದರೆ ಈ ಮಾತಿನ ನಿಜ ತಿಳಿಯುತ್ತದೆ.

ಚದುರಿದ್ದನ್ನು ದೊರೆಯುವಂತೆ ಮಾಡುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಹೊರಬಂದಾಗ ಅದರಲ್ಲಿ ಹೆಸರಿಸಲಾದ ಕೃತಿಗಳಲ್ಲಿ ಅನೇಕವು ಅಚ್ಚಾಗಿರಲಿಲ್ಲ, ಮಠ ಬಸದಿಗಳ ಓಲೆಗರಿಗಳಲ್ಲಿದ್ದುವು. ಕವಿಚರಿತೆಯು ಅವನ್ನು ಪ್ರಕಟಿಸಲಿಲ್ಲ. ಕವಿ ಯಾರು, ಕಾಲ ಯಾವುದು, ಗ್ರಂಥದ ಸ್ವರೂಪವೇನು ಎಂಬುದನ್ನು ಗುರುತಿಸಿ, ಮಾದರಿ ಪದ್ಯಗಳೊಂದಿಗೆ ಒಂದು ಕ್ರಮದಲ್ಲಿಟ್ಟಿತು. ಮುಂದಿನ ಅರ್ಧ ಶತಮಾನದ ಗ್ರಂಥಸಂಪಾದನೆ ಆ ಕ್ರಮವನ್ನು ಹಿಡಿದು ನಡೆಯಿತೆಂದರೆ ತಪ್ಪಾಗಲಾರದು. ಪಾಠವನ್ನು ತೆರೆಯದೆಯೇ ದೊರಕಿಸಿಕೊಟ್ಟ ಗ್ರಂಥ ಅದು. ಅಂತರಜಾಲದಲ್ಲಿ ನಾವು ಇದರ ವಿಲೋಮವನ್ನು ಸಾಧಿಸಿದ್ದೇವೆ.

3

‘ಶೋಧಗಂಗಾ’ವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯ ಪ್ರಕಾರ ಪಿಎಚ್.ಡಿ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದು ಕಡ್ಡಾಯವಾಯಿತು. ಗಾಂಧಿನಗರದ ‘ಇನ್‌ಫ್ಲಿಬ್‌ನೆಟ್’ ಕೇಂದ್ರ ನಿರ್ವಹಿಸುವ ಈ ಭಂಡಾರದಲ್ಲಿ ಇಂದು ಲಕ್ಷಗಟ್ಟಲೆ ಪ್ರಬಂಧಗಳಿವೆ. ಇದರ ಮಹತ್ತ್ವವನ್ನು ಮೊದಲು ಒಪ್ಪಿಕೊಳ್ಳಬೇಕು. ಹಿಂದೆ ವಿಶ್ವವಿದ್ಯಾಲಯದ ಗ್ರಂಥಾಲಯದ ಬೀಗ ಹಾಕಿದ ಕಪಾಟಿನಲ್ಲಿರುತ್ತಿದ್ದ ಪ್ರಬಂಧ ಈಗ ಯಾರ ಅನುಮತಿಯೂ ಇಲ್ಲದೆ ತೆರೆದುಕೊಳ್ಳುತ್ತದೆ. ಪ್ರತಿಯೊಂದು ಪ್ರಬಂಧಕ್ಕೂ ಬದಲಾಗದ ಒಂದು ಗುರುತಿನ ಸಂಖ್ಯೆಯಿದೆ. ಅಡಿಟಿಪ್ಪಣಿಯಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ಸಾಕು, ಜಾಲತಾಣದ ರೂಪ ಬದಲಾದರೂ ವಿಳಾಸ ತಪ್ಪುವುದಿಲ್ಲ. ಕನ್ನಡದ ಬಹುಪಾಲು ವಿದ್ವತ್ಪತ್ರಿಕೆಗಳು ಇಂದಿಗೂ ಮಾಡಿಕೊಳ್ಳದ ಏರ್ಪಾಟು ಇದು. ಮೇಲೆ ಹೇಳಿದ ಮೂರು ಅಂಗಗಳ ಪೈಕಿ ವಿಳಾಸವೆಂಬ ಅಂಗ ಇಲ್ಲಿ ದೃಢವಾಗಿದೆ.

ಕೊರತೆಯಿರುವುದು ಪಾಠದಲ್ಲಿ. ಕನ್ನಡದಲ್ಲಿ ಬರೆದ ಮಹಾಪ್ರಬಂಧವೊಂದನ್ನು ಈ ಭಂಡಾರದಲ್ಲಿ ತೆರೆದು ನೋಡಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸ್ಥಿತಿ ಕಾಣುತ್ತದೆ. ಒಂದೋ ಪುಟಗಳು ಛಾಯಾಚಿತ್ರಗಳಾಗಿರುತ್ತವೆ. ಕಣ್ಣಿಗೆ ಅಕ್ಷರ, ಗಣಕಕ್ಕೆ ಬರಿಯ ಕಪ್ಪು ಬಿಳುಪು ಚುಕ್ಕೆಗಳ ಹರಹು. ಅಥವಾ ಅವು ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪುಟಗಳಾಗಿರುತ್ತವೆ. ಈ ಎರಡನೆಯದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ಬಹುಮಂದಿ ಸಂಶೋಧಕರು ತಮ್ಮ ಪ್ರಬಂಧ ‘ಗಣಕೀಕೃತ’ವಾಗಿದೆ ಎಂದು ನಂಬಿರುವುದು ಇದರ ಆಧಾರದ ಮೇಲೆ. ಯೂನಿಕೋಡ್ ಸಂಕೇತ ಬಳಕೆಗೆ ಬರುವ ಮುನ್ನ ಕನ್ನಡದ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸಿದುವು. ತೆರೆಯ ಮೇಲೆ ‘ಕ’ ಎಂದು ಕಂಡರೂ ಗಣಕದ ಸ್ಮೃತಿಯಲ್ಲಿ ಇರುವುದು ಯಾವುದೋ ಒಂದು ರೋಮನ್ ಚಿಹ್ನೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಒಂದು ಹಂಚಿಕೆ, ‘ಶ್ರೀಲಿಪಿ’ಯಲ್ಲಿ ಇನ್ನೊಂದು, ‘ಆಕೃತಿ’ಯಲ್ಲಿ ಮತ್ತೊಂದು. ಅಚ್ಚಿಗೆ ಕಳುಹಿಸುವವರೆಗೆ ಇದರಿಂದ ಏನೂ ತೊಂದರೆಯಿಲ್ಲ. ಆ ಪುಟವನ್ನು ಅಂತರಜಾಲದಲ್ಲಿಟ್ಟಾಗ ಮಾತ್ರ ‘ಪಂಪ’ ಎಂದು ಹುಡುಕಿದವರಿಗೆ ಪಂಪನನ್ನು ಕುರಿತ ನಾನ್ನೂರು ಪುಟಗಳ ಪ್ರಬಂಧ ಸಿಕ್ಕುವುದಿಲ್ಲ. ಏಕೆಂದರೆ ಅದರಲ್ಲಿ ‘ಪಂಪ’ ಎಂಬ ಶಬ್ದವೇ ಇಲ್ಲ.

ಇದರ ಪರಿಣಾಮ ಕೆಲವೊಮ್ಮೆ ವಿಡಂಬನೆಯ ಮಟ್ಟಕ್ಕೆ ಹೋಗುತ್ತದೆ. ಶೋಧಗಂಗಾದಲ್ಲಿ ಪ್ರಬಂಧವನ್ನು ಮುಖಪುಟ, ಪ್ರಮಾಣಪತ್ರ, ಘೋಷಣೆ, ಪರಿವಿಡಿ, ಅಧ್ಯಾಯಗಳು ಎಂದು ಬಿಡಿಬಿಡಿ ಕಡತಗಳಾಗಿ ಒಡೆದು ಇಡುವ ಪದ್ಧತಿಯಿದೆ. ಎಷ್ಟೋ ಕನ್ನಡ ಪ್ರಬಂಧಗಳಲ್ಲಿ ಪ್ರಮಾಣಪತ್ರ, ಘೋಷಣೆಗಳು ಇಂಗ್ಲಿಷಿನಲ್ಲಿರುತ್ತವೆ. ಆದ್ದರಿಂದ ಐದು ವರ್ಷಗಳ ಶ್ರಮದಿಂದ ಸಿದ್ಧವಾದ ಗ್ರಂಥದಲ್ಲಿ ಯಂತ್ರಕ್ಕೆ ಓದಲು ಬರುವ ಭಾಗವೆಂದರೆ, ಇದು ಬೇರೆಲ್ಲಿಯೂ ಪದವಿಗಾಗಿ ಸಲ್ಲಿಕೆಯಾಗಿಲ್ಲವೆಂಬ ಮಾರ್ಗದರ್ಶಕರ ಎರಡು ಸಾಲು ಮಾತ್ರ. ಶೀರ್ಷಿಕೆಗಳ ಸ್ಥಿತಿಯೂ ಸಮಾಧಾನಕರವಾಗಿಲ್ಲ. ಕೆಲವನ್ನು ಕನ್ನಡ ಲಿಪಿಯಲ್ಲಿ, ಕೆಲವನ್ನು ಇಂಗ್ಲಿಷ್ ಅನುವಾದದಲ್ಲಿ, ಕೆಲವನ್ನು ರೋಮನ್ ಲಿಪ್ಯಂತರದಲ್ಲಿ ದಾಖಲಿಸಲಾಗಿದೆ. ಲಿಪ್ಯಂತರಕ್ಕೆ ಒಂದು ನಿಯಮವಿಲ್ಲವಾಗಿ ಹ್ರಸ್ವ ದೀರ್ಘಗಳೂ, ಲ-ಳ, ನ-ಣ ಭೇದಗಳೂ ಅಳಿಸಿಹೋಗುತ್ತವೆ. ಶಬ್ದಮಣಿದರ್ಪಣವನ್ನು ಪಾಠಹೇಳುವ ವಿಭಾಗಗಳಿಂದಲೇ ಈ ದಾಖಲೆಗಳು ಹೋಗಿವೆ ಎಂಬುದನ್ನು ಇಲ್ಲಿ ನೆನೆಯದಿರುವುದು ಒಳಿತು.

ಇದು ತಂತ್ರಜ್ಞಾನದ ಅಭಾವದಿಂದ ಬಂದ ದೋಷವೆಂದು ಹೇಳುವಂತಿಲ್ಲ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿತ್ತು. ಕನ್ನಡದ ಗಣಕೀಕರಣಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರಾದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಟಾಟಾ ಪ್ರೆಸ್‌ಗಳಲ್ಲಿ ದುಡಿದವರು. ಇಂದು ನಾಡಿನೊಳಗೆ ಬಳಕೆಯಲ್ಲಿರುವ ಧ್ವನ್ಯಾತ್ಮಕ ಕೀಲಿಮಣೆಯ ವಿನ್ಯಾಸ ಅವರದು ಎಂಬುದು ಹೊರನಾಡ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಹಳಗನ್ನಡದ ಱಕಾರ ೞಕಾರಗಳೂ ಯೂನಿಕೋಡ್‌ನಲ್ಲಿವೆ. (ೞಕಾರಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ, ಗ್ರಂಥಸಂಪಾದಕರು ಇದನ್ನು ಕಂಡು ನಗಬಹುದಾದರೂ ಕೆಲಸಕ್ಕೆ ಇದರಿಂದ ಬಾಧಕವಿಲ್ಲ.) ಹಳೆಯ ವಿನ್ಯಾಸದ ಪಾಠವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ‘ನುಡಿ’, ‘ಬರಹ’ಗಳ ಹೊಸ ಆವೃತ್ತಿಗಳು ಯೂನಿಕೋಡ್‌ನಲ್ಲಿಯೇ ಬರೆಯುವ ಅನುಕೂಲವನ್ನು ಕೊಟ್ಟು ಬಹುಕಾಲವಾಯಿತು. ಕೊರತೆಯಾಗಿರುವುದು ಒಂದು ನಿಯಮ. ಪ್ರಬಂಧದ ಹಾಳೆಯ ಅಳತೆ, ಅಂಚಿನ ಅಗಲ, ರಟ್ಟಿನ ಬಣ್ಣ ಇವನ್ನೆಲ್ಲ ನಮ್ಮ ವಿಶ್ವವಿದ್ಯಾಲಯಗಳು ನಿಷ್ಕರ್ಷೆಯಾಗಿ ಗೊತ್ತುಮಾಡುತ್ತವೆ. ಅಕ್ಷರದ ಸಂಕೇತದ ವಿಷಯದಲ್ಲಿ ಮಾತ್ರ ಬೆರಳಚ್ಚುಗಾರರ ಅಭ್ಯಾಸವೇ ನಿಯಮ.

4

ಇದರಿಂದ ಆಗಿರುವ ಹಾನಿ ಹುಡುಕಾಟದ ಅನನುಕೂಲಕ್ಕೆ ಸೀಮಿತವಲ್ಲ. ಸಂಶೋಧನೆಯ ನೈತಿಕತೆಯನ್ನೂ ಅದು ತಟ್ಟಿದೆ. ಕೃತಿಚೌರ್ಯವನ್ನು ತಡೆಯುವ 2018ರ ಆಯೋಗದ ನಿಯಮಗಳು ಶೇಕಡ 10ರ ವರೆಗಿನ ಹೋಲಿಕೆಯನ್ನು ಕ್ಷಮಿಸಿ, ಅದಕ್ಕೆ ಮೇಲ್ಪಟ್ಟುದಕ್ಕೆ ಹಂತಹಂತವಾಗಿ ದಂಡನೆಯನ್ನು ವಿಧಿಸುತ್ತವೆ. ಹೋಲಿಕೆಯನ್ನು ಅಳೆಯುವುದು ತಂತ್ರಾಂಶ. 2019ರಿಂದ ‘ಶೋಧಶುದ್ಧಿ’ ಎಂಬ ಯೋಜನೆಯ ಮೂಲಕ ವಿಶ್ವವಿದ್ಯಾಲಯಗಳಿಗೆ ಅದನ್ನು ಒದಗಿಸಲಾಗುತ್ತಿದೆ. ತಂತ್ರಾಂಶವು ಹೊಸ ಪಾಠವನ್ನು ಹೋಲಿಸಬೇಕಾದುದು ಹಳೆಯ ಪಾಠಗಳೊಂದಿಗೆ. ಹಳೆಯ ಕನ್ನಡ ಪ್ರಬಂಧಗಳು ಚಿತ್ರಗಳಾಗಿಯೋ ರೋಮನ್ ಚಿಹ್ನೆಗಳ ರಾಶಿಯಾಗಿಯೋ ಇದ್ದರೆ ಹೋಲಿಕೆಗೆ ಸಿಕ್ಕುವುದೇನು? ಇನ್ನೊಬ್ಬರ ಅಧ್ಯಾಯವನ್ನು ಅಕ್ಷರಶಃ ಎತ್ತಿಕೊಂಡವರಿಗೂ ‘ಹೋಲಿಕೆ ಅತ್ಯಲ್ಪ’ ಎಂಬ ಪ್ರಮಾಣಪತ್ರ ದೊರೆಯುವ ಸಂಭವವಿದೆ. ಇಂಥ ಪ್ರಮಾಣಪತ್ರ ಇಲ್ಲದಿರುವುದಕ್ಕಿಂತ ಇರುವುದು ಹೆಚ್ಚು ಅಪಾಯಕರ. ಮೊದಲು ಪರೀಕ್ಷಕರು ಸಂಶಯದಿಂದ ಓದುತ್ತಿದ್ದರು, ಈಗ ಓದದೆಯೇ ನಂಬುತ್ತಾರೆ. ಪ್ರಾಮಾಣಿಕರಾಗಿ ದುಡಿದ ಸಂಶೋಧಕರಿಗೆ ಇದರಿಂದ ಆಗುವ ಅನ್ಯಾಯ ಎರಡು ಬಗೆಯದು: ಅವರ ಶ್ರಮ ಕಾಣಿಸುವುದಿಲ್ಲ, ಕದ್ದರೆ ಕಳ್ಳತನವೂ ಕಾಣಿಸುವುದಿಲ್ಲ.

ಪತ್ರಿಕೆಗಳ ಮೌಲ್ಯಮಾಪನದ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. 2010ರಲ್ಲಿ ಅಂಕಪದ್ಧತಿ ಬಂದ ಮೇಲೆ ಅಧ್ಯಾಪಕರ ಬಡ್ತಿಗೂ, ಆಮೇಲೆ ಸಂಶೋಧನಾರ್ಥಿಗಳ ಪದವಿಗೂ ಪ್ರಕಟಣೆಯ ಸಂಖ್ಯೆ ಆಧಾರವಾಯಿತು. ಅಂತರಜಾಲದಲ್ಲಿ ಪತ್ರಿಕೆ ತೆಗೆಯಲು ಅಚ್ಚುಕೂಟ ಬೇಡ, ಅಂಚೆ ಬೇಡ. ಹಣ ಪಡೆದು ವಾರದೊಳಗೆ ಅಚ್ಚಿಸಿಕೊಡುವ ಪತ್ರಿಕೆಗಳು ಅಣಬೆಗಳಂತೆ ಎದ್ದುವು. 2018ರ ಮೇ ತಿಂಗಳಿನಲ್ಲಿ ಆಯೋಗವು ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ವಿದ್ವಾಂಸರು ಆ ವರ್ಷ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1,009 ಪತ್ರಿಕೆಗಳಲ್ಲಿ ಶೇಕಡ 88ರಷ್ಟು ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡು ರೂಪುಗೊಂಡ ‘ಕೇರ್’ ಪಟ್ಟಿ 2019ರಿಂದ ಬಳಕೆಯಲ್ಲಿದ್ದು, 2025ರ ಫೆಬ್ರುವರಿಯಲ್ಲಿ ನಿಂತಿತು. ಪದವಿಗೆ ಮುನ್ನ ಲೇಖನ ಪ್ರಕಟವಾಗಿರಬೇಕೆಂಬ ಕಡ್ಡಾಯವನ್ನೂ 2022ರ ನಿಯಮಾವಳಿ ಕೈಬಿಟ್ಟಿದೆ. ಈಗ ಪತ್ರಿಕೆಗಳ ಯೋಗ್ಯತೆಯನ್ನು ಆಯಾ ಸಂಸ್ಥೆಗಳೇ ನಿರ್ಣಯಿಸಬೇಕು.

ನಾಡಿನೊಳಗಿನ ವಿಶ್ವವಿದ್ಯಾಲಯಗಳಿಗೆ ಇದು ಸ್ವಾಗತಾರ್ಹ ಬದಲಾವಣೆ. ಒಂದು ಪತ್ರಿಕೆಯ ತೂಕವೆಷ್ಟು ಎಂದು ತಿಳಿದವರು ಅಲ್ಲಿನ ಸಮಿತಿಗಳಲ್ಲಿದ್ದಾರೆ. ಹೊರನಾಡಿನ ವಿಭಾಗಗಳ ಸ್ಥಿತಿ ಬೇರೆ. ಕನ್ನಡ ಅಧ್ಯಾಪಕರು ಒಬ್ಬಿಬ್ಬರೇ ಇರುವ ಕಡೆ ನಿರ್ಣಯ ಮಾಡುವ ಸಮಿತಿಯಲ್ಲಿ ಕನ್ನಡ ಓದಬಲ್ಲವರು ಇಲ್ಲದಿರುವುದೇ ಹೆಚ್ಚು. ಅವರ ಮುಂದೆ ಒಂದು ಕನ್ನಡ ಪತ್ರಿಕೆಯನ್ನಿಟ್ಟರೆ ಅವರು ನೋಡುವುದು ಏನನ್ನು? ಅದಕ್ಕೊಂದು ಸ್ಥಿರವಾದ ಜಾಲವಿಳಾಸವಿದೆಯೇ, ಲೇಖನಗಳಿಗೆ ಗುರುತಿನ ಸಂಖ್ಯೆಯಿದೆಯೇ, ಹಿಂದಿನ ಸಂಚಿಕೆಗಳು ಕಾಣಸಿಗುತ್ತವೆಯೇ, ಉಲ್ಲೇಖಗಳು ಎಣಿಕೆಗೆ ಸಿಕ್ಕುತ್ತವೆಯೇ ಎಂಬುದನ್ನು. ಈ ಹೊರಲಕ್ಷಣಗಳೆಲ್ಲ ಹಣ ಕೀಳುವ ಪತ್ರಿಕೆಗಳಲ್ಲಿ ಕಣ್ಣುಕುಕ್ಕುವಂತೆ ಇರುತ್ತವೆ. ಆರು ತಿಂಗಳಿಗೊಮ್ಮೆ ಶ್ರದ್ಧೆಯಿಂದ ಹೊರಬರುವ ನಮ್ಮ ಪ್ರಾಮಾಣಿಕ ಪತ್ರಿಕೆಗಳಲ್ಲಿ ಒಂದೂ ಇರುವುದಿಲ್ಲ. ಹೊರನಾಡಿನ ಯುವ ಸಂಶೋಧಕರು ಹೀಗಾಗಿ ಕನ್ನಡದ ವಿಷಯವನ್ನು ಕುರಿತು ಇಂಗ್ಲಿಷಿನಲ್ಲಿ, ಅದೂ ಅಂಥ ಪತ್ರಿಕೆಗಳಲ್ಲಿ ಬರೆಯುವ ಒತ್ತಡಕ್ಕೆ ಸಿಲುಕುತ್ತಾರೆ. ಒಂದು ಭಾಷೆ ವಿದ್ವತ್ತಿನ ಭಾಷೆಯಾಗಿ ಹಿಂದೆ ಸರಿಯುವುದು ಯಾವುದೋ ಆಜ್ಞೆಯಿಂದಲ್ಲ, ಇಂಥ ಸಣ್ಣ ಲೆಕ್ಕಾಚಾರಗಳಿಂದ.

ಬೋಧನೆಯ ಕ್ಷೇತ್ರದಲ್ಲಿ ಅಂತರಜಾಲ ಹೊರನಾಡಿನ ವಿಭಾಗಗಳಿಗೆ ಉಪಕಾರವನ್ನೇ ಮಾಡಿದೆ ಎಂಬುದನ್ನೂ ಹೇಳಬೇಕು. 2020ರಲ್ಲಿ ಸಾಂಕ್ರಾಮಿಕದ ಕಾರಣದಿಂದ ದೃಶ್ಯಸಂವಾದದ ಮೂಲಕ ಮೌಖಿಕ ಪರೀಕ್ಷೆ ನಡೆಸಲು ಆಯೋಗವು ಅವಕಾಶ ಕೊಟ್ಟಿತು. ಹೊರಗಿನ ಪರೀಕ್ಷಕರು ಬರುವುದಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದ ಸಣ್ಣ ವಿಭಾಗಗಳಿಗೆ ಅದು ದೊಡ್ಡ ಅನುಕೂಲ. 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯ ಪಾಠಗಳಿಂದ ಪದವಿಯ ಅಂಕಗಳ ಶೇಕಡ 40ರ ವರೆಗೆ ಗಳಿಸಲು ಈಗ ನಿಯಮದಲ್ಲಿ ಅವಕಾಶವಿದೆ. ಇವುಗಳ ಗುಣದೋಷ ಬೇರೊಂದು ಲೇಖನದ ವಸ್ತು.

5

ಪಾಠವನ್ನು ಪಾಠವಾಗಿಯೇ ಅಂತರಜಾಲಕ್ಕೆ ತಂದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಕರ್ನಾಟಕ ಸರಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಸಾಮಗ್ರಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಸ್ವಯಂಸೇವಕರ ತಂಡವೊಂದು 2013ರ ಹೊತ್ತಿಗೆ ರೂಪಿಸಿದ ‘ವಚನ ಸಂಚಯ’ದಲ್ಲಿ ಸುಮಾರು 20,000 ವಚನಗಳನ್ನು ಶಬ್ದಶಃ ಹುಡುಕಬಹುದು. ಒಂದು ಶಬ್ದವನ್ನು ಯಾವ ಯಾವ ವಚನಕಾರರು, ಎಷ್ಟು ಸಲ, ಯಾವ ಸಂದರ್ಭದಲ್ಲಿ ಬಳಸಿದ್ದಾರೆ ಎಂಬುದನ್ನು ಕ್ಷಣದಲ್ಲಿ ತಿಳಿಯಬಹುದು. ಹಿಂದೆ ಒಬ್ಬ ವಿದ್ವಾಂಸರ ಆಯುಷ್ಯದ ಅರ್ಧವನ್ನು ಬೇಡುತ್ತಿದ್ದ ಪದಪ್ರಯೋಗಕೋಶದ ಕೆಲಸ ಇದು. ಇದನ್ನು ಮಾಡಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ ಎಂಬುದನ್ನು ವಿಶ್ವವಿದ್ಯಾಲಯಗಳಲ್ಲಿರುವ ನಾವು ಗಮನಿಸಬೇಕು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದ ಕೇಂದ್ರಗಳ ಸಹಭಾಗಿತ್ವದಲ್ಲಿ ನಡೆದ ಆ ಯೋಜನೆ ಕನ್ನಡದ ಅಪೂರ್ವ ಗ್ರಂಥಗಳನ್ನು ಉಳಿಸಿತು, ನಿಜ. ಅದರ ಮೂಲ ತಾಣ ಮುಚ್ಚಿಹೋದರೂ ಪ್ರತಿಗಳು ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಉಳಿದಿವೆ. ಆದರೆ ಶೀರ್ಷಿಕೆಗಳ ರೋಮನ್ ರೂಪ ಹೇಗೆ ಕೆಟ್ಟಿದೆಯೆಂದರೆ, ಗ್ರಂಥ ಅಲ್ಲಿದೆ ಎಂದು ಮೊದಲೇ ತಿಳಿದವರಿಗೆ ಮಾತ್ರ ಅದು ಅಲ್ಲಿ ಸಿಕ್ಕುತ್ತದೆ. ಚಿತ್ರದಿಂದ ಅಕ್ಷರವನ್ನು ಓದಿಸುವ ತಂತ್ರ ಈಚೆಗೆ ಕನ್ನಡದಲ್ಲೂ ಸಾಕಷ್ಟು ಸುಧಾರಿಸಿದೆ. ಆದರೆ ‘ಮ’ಕಾರವನ್ನು ‘ವು’ ಎಂದೂ ಅನುಸ್ವಾರವನ್ನು ಸೊನ್ನೆ ಎಂದೂ ಓದುವ ಯಂತ್ರದ ತಪ್ಪುಗಳನ್ನು ತಿದ್ದಲು ಪಾಠಪರಿಷ್ಕರಣವನ್ನು ಬಲ್ಲವರೇ ಬೇಕು. ಹಸ್ತಪ್ರತಿಗಳ ಲಿಪಿಕಾರರ ಸ್ಖಾಲಿತ್ಯಗಳನ್ನು ವರ್ಗೀಕರಿಸಿದ ನಮ್ಮ ಗ್ರಂಥಸಂಪಾದನ ಶಾಸ್ತ್ರಕ್ಕೆ ಇಲ್ಲೊಂದು ಹೊಸ ಲಿಪಿಕಾರ ದೊರೆತಿದ್ದಾನೆ.

ಚೆನ್ನೈಯಲ್ಲಿರುವ ಕನ್ನಡ ಸಂಶೋಧಕರಿಗೆ ನೆರೆಯ ಭಾಷೆಯ ಅನುಭವ ಕಣ್ಣೆದುರಿಗೇ ಇದೆ. ತಮಿಳಿನ ಪ್ರಾಚೀನ ಗ್ರಂಥಗಳನ್ನು ಸ್ವಯಂಸೇವಕರಿಂದ ಬೆರಳಚ್ಚು ಮಾಡಿಸಿ ಹಂಚುವ ‘ಮದುರೈ ಯೋಜನೆ’ 1998ರಲ್ಲಿಯೇ ಆರಂಭವಾಯಿತು. ಇಷ್ಟು ಬೇಗ ಅವರು ಹೊರಟದ್ದರಲ್ಲಿ ಹೊರದೇಶಗಳಲ್ಲಿದ್ದ ತಮಿಳರ ಪಾತ್ರ ದೊಡ್ಡದು. ತಮಿಳುನಾಡು ಸರಕಾರ ದಿವಂಗತ ಲೇಖಕರ ಕೃತಿಗಳನ್ನು ವಾರಸುದಾರರಿಗೆ ಪರಿಹಾರ ಕೊಟ್ಟು ‘ರಾಷ್ಟ್ರೀಕರಣ’ ಮಾಡುವ ಪದ್ಧತಿಯನ್ನೂ ನಡೆಸಿಕೊಂಡು ಬಂದಿದೆ. ಅವು ಯಾರು ಬೇಕಾದರೂ ಪ್ರಕಟಿಸಬಹುದಾದ ಸಾರ್ವಜನಿಕ ಸ್ವತ್ತಾಗುತ್ತವೆ.

ಕನ್ನಡದಲ್ಲಿ ಈ ಕಾನೂನಿನ ಭಾಗವನ್ನು ಕುರಿತು ಇನ್ನೂ ಸ್ಪಷ್ಟವಾದ ವಿಚಾರ ನಡೆದಿಲ್ಲ. ನಮ್ಮ ದೇಶದಲ್ಲಿ ಗ್ರಂಥಸ್ವಾಮ್ಯ ಲೇಖಕರ ಮರಣದ ಅನಂತರ 60 ವರ್ಷಗಳ ವರೆಗೆ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹಗಳು ಮುಕ್ತವಾಗಿವೆ. 1971ರಲ್ಲಿ ತೀರಿಕೊಂಡ ಡಿ.ಎಲ್.ಎನ್. ಅವರ ಬರಹಗಳಿಗೆ 2031ರ ಕೊನೆಯವರೆಗೆ ಕಾಯಬೇಕು. ಅಭಿನಂದನ ಗ್ರಂಥವೊಂದರಲ್ಲಿ ನಲವತ್ತು ಲೇಖಕರಿದ್ದರೆ ನಲವತ್ತು ಅವಧಿಗಳು. ಇಡೀ ಗ್ರಂಥವನ್ನು ಜಾಲಕ್ಕೇರಿಸುವ ಮಾತು ಬಂದಾಗಲೆಲ್ಲ ಇದು ಅಡ್ಡಬರುತ್ತದೆ. ಆದರೆ ಗ್ರಂಥದ ಪರಿವಿಡಿಯನ್ನು, ಲೇಖಕ, ಶೀರ್ಷಿಕೆ, ಪುಟ, ಚರ್ಚಿತವಾದ ಕೃತಿ ಅಥವಾ ಶಾಸನ ಎಂಬ ವಿವರಗಳೊಂದಿಗೆ, ಯೂನಿಕೋಡ್ ಕನ್ನಡದಲ್ಲಿ ಸಿದ್ಧಪಡಿಸಿ ತೆರೆದಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕವಿಚರಿತೆಯ ಮಾದರಿಯ ಈ ಕೆಲಸಕ್ಕೆ ದೊಡ್ಡ ಅನುದಾನವೂ ಬೇಡ.

ಹೊರನಾಡಿನ ವಿಭಾಗಗಳು ಇದನ್ನು ತಮ್ಮ ಕಪಾಟುಗಳಿಂದಲೇ ಪ್ರಾರಂಭಿಸಬಹುದು. ಮದರಾಸು ವಿಶ್ವವಿದ್ಯಾಲಯ 1940ರ ದಶಕದಲ್ಲಿ ‘ಖಗೇಂದ್ರಮಣಿದರ್ಪಣ’ದಂಥ ಗ್ರಂಥಗಳನ್ನು ಅಚ್ಚುಹಾಕಿದ ಸ್ಥಳ, ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಕನ್ನಡದ ಓಲೆಗರಿಗಳೂ ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳೂ ಇವೆ, ಮುಂಬಯಿ, ಹೈದರಾಬಾದುಗಳ ವಿಭಾಗಗಳಲ್ಲಿ ದಶಕಗಳ ಕಾಲ ಸಿದ್ಧವಾದ ಪ್ರಬಂಧಗಳಿವೆ. ಇವುಗಳಲ್ಲಿ 2009ಕ್ಕೆ ಮುಂಚಿನವು ಶೋಧಗಂಗಾದ ಕಡ್ಡಾಯಕ್ಕೆ ಒಳಪಟ್ಟಿಲ್ಲ. ಬೆರಳಚ್ಚು ಯಂತ್ರದಲ್ಲಿ ಮೂರು ಪ್ರತಿ ತೆಗೆದು, ಱಕಾರ ೞಕಾರಗಳನ್ನು ಕೈಯಿಂದ ತಿದ್ದಿ ಸಲ್ಲಿಸಿದ ಆ ಪ್ರಬಂಧಗಳ ಇಂಗಾಲದ ಪ್ರತಿಗಳು ಮಾಸುತ್ತ ಬಂದಿವೆ. ಮೊದಲು ಅವುಗಳ ಹೆಸರುಗಳ ಪಟ್ಟಿಯಾದರೂ ಕನ್ನಡ ಲಿಪಿಯಲ್ಲಿ ಆಗಬೇಕು. ಪಟ್ಟಿ ಆಗುವಾಗ ಪ್ರತಿ ಇನ್ನೂ ಓದಲು ಬರುತ್ತದೆಯೇ ಎಂಬುದನ್ನೂ ಪಕ್ಕದಲ್ಲಿ ಗುರುತಿಸಬೇಕು.